ಎಲೆಕ್ಟ್ರಾನಿನ ಡಿಕ್ಕಿಯನ್ನು ಅಳೆದವರು

ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನಲ್ಲಿ, ಅದರಲ್ಲೂ ಕನ್ನಡ ಮನೆಮಾತಾಗಿರುವ ಉಮದಿ, ಸಂಖದ ಕಡೆ, ಬೇಸಿಗೆಯ ಕೊನೆಗೆ ಮಳೆಗಿಂತ ಮುಂಚೆ ಗುಡುಗು ಸಿಡಿಲು ಬರುತ್ತದೆ. ಮರದಡಿ ನಿಂತ ಕುರಿ ದನಗಳು ಸಿಡಿಲಿಗೆ ಬಲಿಯಾದ ಸುದ್ದಿ ಕೇಳದ ವರ್ಷ ಕಡಿಮೆ. ಅದೇ ಬಯಲಿನಲ್ಲಿ ಈಗ ಗಾಳಿಯಂತ್ರಗಳು ತಿರುಗುತ್ತಿವೆ, ಅವುಗಳ ವಿದ್ಯುತ್ತನ್ನು ಹೊತ್ತ ತಂತಿಗಳು ಕಂಬದಿಂದ ಕಂಬಕ್ಕೆ ಹಾಯ್ದಿವೆ. ಸಿಡಿಲು ಮೋಡದಿಂದ ನೆಲಕ್ಕೆ ದಾರಿ ಮಾಡಿಕೊಳ್ಳುವುದೂ, ತಂತಿಯ ವಿದ್ಯುತ್ತು ಗಾಳಿಗೆ ಹಾರದೆ ತಂತಿಯಲ್ಲೇ ಉಳಿಯುವುದೂ ಒಂದೇ ಪ್ರಶ್ನೆಗೆ ಸೇರಿದ ಸಂಗತಿಗಳು. ವಿದ್ಯುತ್ತನ್ನು ತಡೆದು ನಿಲ್ಲಿಸುವ ಗಾಳಿ ಯಾವ ಗಳಿಗೆಯಲ್ಲಿ ಸೋತು ಅದಕ್ಕೆ ದಾರಿ ಬಿಡುತ್ತದೆ?

ಒಂದು ಎಲೆಕ್ಟ್ರಾನು ಒಂದು ಅಣುವಿಗೆ ಎದುರಾದಾಗ ಏನಾಗುತ್ತದೆ ಎಂಬುದರಲ್ಲಿ ಇದರ ಉತ್ತರ ಅಡಗಿದೆ. ಆ ಭೇಟಿಯನ್ನು ಅಳೆಯಲು, ಅಳೆಯುವ ಮೊದಲೇ ಲೆಕ್ಕಹಾಕಿ ಹೇಳಲು ಭೌತವಿಜ್ಞಾನಿಗಳೂ ವಿದ್ಯುತ್ ಎಂಜಿನಿಯರುಗಳೂ ಒಂದು ಶತಮಾನಕ್ಕೂ ಮಿಕ್ಕಿ ದುಡಿದಿದ್ದಾರೆ. ಆ ಇತಿಹಾಸದಲ್ಲಿ ಬೆಂಗಳೂರಿನದೂ ಒಂದು ಅಧ್ಯಾಯವಿದೆ. ಅದನ್ನು ಕನ್ನಡದಲ್ಲಿ ಹೇಳಬೇಕೆಂಬ ಆಸೆಯಿಂದ ಈ ಲೇಖನ.

ಸಾಮಾನ್ಯ ಒತ್ತಡದ ಒಣಗಾಳಿ ಪ್ರತಿ ಸೆಂಟಿಮೀಟರಿಗೆ ಸುಮಾರು 30,000 ವೋಲ್ಟ್‌ವರೆಗೆ ತಾಳಿಕೊಳ್ಳುತ್ತದೆ. ಅದಕ್ಕೆ ಮೀರಿದರೆ ಕಿಡಿ ಹಾರುತ್ತದೆ. ಕಿಡಿಗೆ ಬೀಜವಾಗುವ ಎಲೆಕ್ಟ್ರಾನುಗಳು ಗಾಳಿಯಲ್ಲಿ ಯಾವಾಗಲೂ ಒಂದಿಷ್ಟು ಇರುತ್ತವೆ; ಆಕಾಶದಿಂದ ಬರುವ ಕಾಸ್ಮಿಕ್ ಕಿರಣಗಳು, ಕಲ್ಲು ಮಣ್ಣಿನ ವಿಕಿರಣ ಅವನ್ನು ಹುಟ್ಟಿಸುತ್ತಲೇ ಇರುತ್ತವೆ. ವಿದ್ಯುತ್ ಕ್ಷೇತ್ರ ಆ ಎಲೆಕ್ಟ್ರಾನನ್ನು ಎಳೆಯುತ್ತದೆ, ಅದು ವೇಗ ಪಡೆಯುತ್ತದೆ, ಎದುರಿಗೆ ಸಿಕ್ಕ ಅಣುವಿಗೆ ಬಡಿಯುತ್ತದೆ. ಬರೀ ದಿಕ್ಕು ಬದಲಿಸಿ ಚದುರಿ ಹೋಗಬಹುದು. ಅಣುವನ್ನು ಅಲುಗಾಡಿಸಿ, ತನ್ನ ಶಕ್ತಿಯಲ್ಲಿ ಒಂದು ಪಾಲನ್ನು ಅಲ್ಲೇ ಬಿಟ್ಟುಹೋಗಬಹುದು. ಸಾಕಷ್ಟು ಶಕ್ತಿಯಿದ್ದರೆ (ಆಮ್ಲಜನಕಕ್ಕೆ ಸುಮಾರು 12 ಎಲೆಕ್ಟ್ರಾನ್ ವೋಲ್ಟ್, ಸಾರಜನಕಕ್ಕೆ 15.6) ಅಣುವಿನಿಂದ ಇನ್ನೊಂದು ಎಲೆಕ್ಟ್ರಾನನ್ನು ಕಿತ್ತು ಹಾಕಬಹುದು. ಆಗ ಒಂದಿದ್ದದ್ದು ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ. ಇಲ್ಲವೇ ಅಣುವೇ ಎಲೆಕ್ಟ್ರಾನನ್ನು ಹಿಡಿದು ಇಟ್ಟುಕೊಳ್ಳಬಹುದು. ಆಗ ಆ ಸರಪಳಿ ಅಲ್ಲಿಗೇ ಕಡಿಯುತ್ತದೆ.

ಇವುಗಳಲ್ಲಿ ಯಾವುದು ಎಷ್ಟು ಸಲ ಆಗುತ್ತದೆ ಎಂಬುದನ್ನು ಹೇಳುವ ಅಂಕಿಗೆ ಕ್ರಾಸ್ ಸೆಕ್ಷನ್ ಎನ್ನುತ್ತಾರೆ. ಕಣ್ಣು ಮುಚ್ಚಿ ಎಸೆದ ಕಲ್ಲು ಮಾವಿನಕಾಯಿಗೆ ತಾಗುವುದೋ ಇಲ್ಲವೋ ಎಂಬುದು ಕಾಯಿಯ ಗಾತ್ರದ ಮೇಲೆ ನಿಂತಿದೆಯಲ್ಲ, ಹಾಗೆ ಎಲೆಕ್ಟ್ರಾನಿಗೆ ಅಣು ಎಷ್ಟು ದೊಡ್ಡ ಗುರಿಯಾಗಿ ಕಾಣುತ್ತದೆ ಎಂಬುದರ ಅಳತೆ ಇದು. ಆದರೆ ಮಾವಿನಕಾಯಿಯ ಗಾತ್ರ ಕಲ್ಲಿನ ವೇಗಕ್ಕೆ ತಕ್ಕಂತೆ ಹಿಗ್ಗಿ ಕುಗ್ಗುವುದಿಲ್ಲ. ಅಣುವಿನದು ಹಿಗ್ಗುತ್ತದೆ, ಕುಗ್ಗುತ್ತದೆ. ಈ ಶಾಸ್ತ್ರದ ಕಷ್ಟವೂ ಸೊಗಸೂ ಇರುವುದು ಅಲ್ಲಿಯೇ.

ಮೊದಲು ಅಳೆಯಲು ಹೊರಟವನು ಐರ್ಲೆಂಡಿನ ಜಾನ್ ಸೀಲಿ ಟೌನ್‌ಸೆಂಡ್. ಕೇಂಬ್ರಿಜ್‌ನಲ್ಲಿ ಜೆ.ಜೆ. ಥಾಮ್ಸನ್‌ರ ಕೈಕೆಳಗೆ ಪಳಗಿ, 1900ರಲ್ಲಿ ಆಕ್ಸ್‌ಫರ್ಡಿಗೆ ಪ್ರಾಧ್ಯಾಪಕನಾಗಿ ಹೋದ. ಅವನ ಪ್ರಯೋಗ ನೋಡಲು ಸರಳ. ಗಾಳಿ ತೆಗೆದ ಪಾತ್ರೆಯೊಳಗೆ ಎದುರುಬದುರಾಗಿ ಎರಡು ಲೋಹದ ತಟ್ಟೆ. ಒಳಗೆ ಬೇಕಾದ ಅನಿಲ, ಬೇಕಾದಷ್ಟೇ ಒತ್ತಡದಲ್ಲಿ. ಒಂದು ತಟ್ಟೆಯ ಮೇಲೆ ಅತಿನೇರಳೆ ಬೆಳಕು ಬೀಳಿಸಿದರೆ ಅಲ್ಲಿಂದ ಎಲೆಕ್ಟ್ರಾನುಗಳು ಹೊರಡುತ್ತವೆ. ತಟ್ಟೆಗಳ ನಡುವೆ ವೋಲ್ಟೇಜ್ ಕೊಟ್ಟು, ಎದುರಿನ ತಟ್ಟೆಗೆ ಬಂದು ಸೇರುವ ಸಣ್ಣ ಕರೆಂಟನ್ನು ಅಳೆಯುವುದು. ಆಮೇಲೆ ಕ್ಷೇತ್ರವನ್ನು ಹಾಗೇ ಇಟ್ಟು, ತಟ್ಟೆಗಳ ಅಂತರವನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸಿ ಮತ್ತೆ ಅಳೆಯುವುದು. ಅಂತರ ಬೆಳೆದಂತೆ ಕರೆಂಟು ಒಂದೇ ಸಮನೆ ಏರದೆ ದುಪ್ಪಟ್ಟು, ನಾಲ್ಕುಪಟ್ಟು, ಎಂಟುಪಟ್ಟು ಎಂಬಂತೆ ಏರುತ್ತದೆ. ಲಾಗರಿತಮ್ ಕಾಗದದ ಮೇಲೆ ಗುರುತಿಸಿದರೆ ನೇರ ಗೆರೆ. ಆ ಗೆರೆ ಎಷ್ಟು ಕಡಿದಾಗಿ ಏರುತ್ತದೆ ಎಂಬುದೇ, ಒಂದು ಎಲೆಕ್ಟ್ರಾನು ಒಂದು ಸೆಂಟಿಮೀಟರ್ ದಾರಿಯಲ್ಲಿ ಎಷ್ಟು ಹೊಸ ಎಲೆಕ್ಟ್ರಾನುಗಳನ್ನು ಹುಟ್ಟಿಸುತ್ತದೆ ಎಂಬುದರ ಲೆಕ್ಕ. ಗೆರೆ ಎಲ್ಲಿ ನೇರವಾಗಿ ನಿಲ್ಲದೆ ಮೇಲಕ್ಕೆ ಬಾಗುತ್ತದೋ ಅಲ್ಲಿಗೆ ಕಿಡಿ ಹತ್ತಿರ ಬಂದಿದೆ ಎಂದರ್ಥ. ನೂರು ವರ್ಷ ಕಳೆದರೂ ಈ ಪ್ರಯೋಗ ಮುಪ್ಪಾಗಿಲ್ಲ. ವಿದ್ಯುತ್ ಕ್ಷೇತ್ರಕ್ಕೂ ಅನಿಲದಲ್ಲಿರುವ ಅಣುಗಳ ಸಾಂದ್ರತೆಗೂ ಇರುವ ಅನುಪಾತವನ್ನು ಇಂದಿಗೂ ‘ಟೌನ್‌ಸೆಂಡ್’ ಎಂಬ ಮಾನದಲ್ಲೇ ಹೇಳುತ್ತಾರೆ.

ಟೌನ್‌ಸೆಂಡನ ವಿಧಾನದಲ್ಲಿ ಕಾಣುವುದು ಎಲೆಕ್ಟ್ರಾನುಗಳ ಹಿಂಡಿನ ನಡತೆ. ಒಂದೇ ವೇಗದ ಎಲೆಕ್ಟ್ರಾನುಗಳನ್ನು ಆರಿಸಿ ತೆಗೆದು ಅನಿಲದೊಳಗೆ ಹಾಯಿಸುವ ವಿಧಾನವನ್ನು ಜರ್ಮನಿಯ ಕಾರ್ಲ್ ರಾಮ್‌ಸವರ್ ಹದಗೊಳಿಸಿದ. 1921ರಲ್ಲಿ ಅವನಿಗೆ ಸಿಕ್ಕ ಫಲಿತಾಂಶ ಭೌತವಿಜ್ಞಾನಿಗಳ ನಿದ್ದೆ ಕೆಡಿಸಿತು. ಒಂದು ಎಲೆಕ್ಟ್ರಾನ್ ವೋಲ್ಟ್‌ಗಿಂತ ಕಡಿಮೆ ಶಕ್ತಿಯ ನಿಧಾನದ ಎಲೆಕ್ಟ್ರಾನುಗಳಿಗೆ ಆರ್ಗಾನ್ ಅನಿಲ ಇದ್ದೂ ಇಲ್ಲದಂತೆ! ಅವು ಎಲ್ಲೂ ಬಡಿಯದೆ ಹಾದುಹೋದವು. ಆಕ್ಸ್‌ಫರ್ಡಿನಲ್ಲಿ ಟೌನ್‌ಸೆಂಡ್ ಮತ್ತು ಬೇಯ್ಲಿ ತಮ್ಮದೇ ದಾರಿಯಲ್ಲಿ ಇದೇ ಸಂಗತಿಗೆ ಬಂದು ಮುಟ್ಟಿದರು. ಎಲೆಕ್ಟ್ರಾನು ಬರೀ ಗೋಲಿಯಾಗಿದ್ದರೆ ಹೀಗಾಗಲು ಸಾಧ್ಯವಿಲ್ಲ. ಅದು ಅಲೆಯೂ ಹೌದು, ಪರಮಾಣುವಿನ ಆಕರ್ಷಣೆಯಲ್ಲಿ ಆ ಅಲೆ ಮಡಚಿ ಮತ್ತೆ ಸರಿಹೊಂದಿಕೊಂಡು ಹೊರಬರಬಲ್ಲದು ಎಂದು 1927ರಲ್ಲಿ ಫಾಕ್ಸೆನ್ ಮತ್ತು ಹೋಲ್ಟ್ಸ್‌ಮಾರ್ಕ್ ಕ್ವಾಂಟಂ ಲೆಕ್ಕದಿಂದ ತೋರಿಸಿದರು. ಡಿಕ್ಕಿಯನ್ನು ಅಳೆಯುವ ವಿದ್ಯೆಗೆ ಡಿಕ್ಕಿಯನ್ನು ಮುನ್ನುಡಿಯುವ ವಿದ್ಯೆ ಜೊತೆಗೂಡಿದ್ದು ಆಗ.

ಆರ್ಗಾನಿನಂಥ ಒಂಟಿ ಪರಮಾಣುವಿನ ಲೆಕ್ಕ ಮುಗಿದರೂ ಅಣುವಿನದು ಮುಗಿಯಲಿಲ್ಲ. ಅಣು ತಿರುಗುತ್ತದೆ, ಅದರುತ್ತದೆ, ಎಲೆಕ್ಟ್ರಾನು ಬಂದ ದಿಕ್ಕಿಗೆ ತಕ್ಕಂತೆ ಬೇರೆ ಬೇರೆಯಾಗಿ ಕಾಣುತ್ತದೆ. 1960ರ ದಶಕದ ಆರಂಭದಲ್ಲಿ ಅಮೆರಿಕದ ಜಾರ್ಜ್ ಶುಲ್ಜ್, ನಾವು ಉಸಿರಾಡುವ ಸಾರಜನಕದಲ್ಲೇ ಒಂದು ವಿಚಿತ್ರವನ್ನು ಬಿಡಿಸಿ ತೋರಿಸಿದ. ಸುಮಾರು 2.3 ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಎಲೆಕ್ಟ್ರಾನು ಸಾರಜನಕದ ಅಣುವಿನೊಳಗೆ ಅರೆಗಳಿಗೆ ತಂಗುತ್ತದೆ. ಹೊರಟುಹೋಗುವಾಗ ಅಣುವನ್ನು ಜೋರಾಗಿ ಅದುರಿಸಿಬಿಡುತ್ತದೆ. ನಮ್ಮ ತಲೆಯ ಮೇಲಿನ ಗಾಳಿ ಸುಲಭದಲ್ಲಿ ಕಿಡಿಯಾಗದೆ ಇರುವುದಕ್ಕೆ ಈ ಶಕ್ತಿ ಸೋರಿಕೆಯೂ ಒಂದು ಕಾರಣ.

ಇನ್ನು ನಮ್ಮ ನಾಡಿಗೆ ಬರೋಣ. 1902ರ ಜೂನ್ 30ರಂದು ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಹರಿದಾಗ, 92 ಮೈಲಿಯ ಆ ತಂತಿ ಆ ಕಾಲಕ್ಕೆ ಲೋಕದಲ್ಲೇ ಅತಿ ಉದ್ದದ ಸಾಗಣೆ ಮಾರ್ಗಗಳಲ್ಲಿ ಎಣಿಸಿಕೊಂಡಿತ್ತು. ವೋಲ್ಟೇಜು ಸುಮಾರು 35,000. ತಂತಿಗೂ ಕಂಬಕ್ಕೂ ನಡುವೆ ಪಿಂಗಾಣಿ, ಸುತ್ತ ಗಾಳಿ, ಅಷ್ಟೇ ಸಾಕಾಗಿತ್ತು. ಮುಂದೆ ಜಲವಿದ್ಯುತ್ ಯೋಜನೆಗಳು ಬೆಳೆದವು, ದೂರ ಬೆಳೆಯಿತು, ವೋಲ್ಟೇಜು ಲಕ್ಷ ದಾಟಿತು. ಹರಿಯುತ್ತಿರುವ ಅಷ್ಟು ದೊಡ್ಡ ಕರೆಂಟನ್ನು ಕಣ್ಣು ಮಿಟುಕಿಸುವುದರೊಳಗೆ ಕಡಿಯಬೇಕು, ಕಡಿಯುವಾಗ ಏಳುವ ಬೆಂಕಿಯ ಕಮಾನನ್ನು ಆರಿಸಬೇಕು. ಅದಕ್ಕೆ ಗಾಳಿ ಸಾಲದಾಯಿತು.

ಆಗ ಬಂದದ್ದು ಸಲ್ಫರ್ ಹೆಕ್ಸಾಫ್ಲೋರೈಡ್. ಸಬ್‌ಸ್ಟೇಷನ್ನಿನಲ್ಲಿ ಕೆಲಸ ಮಾಡುವವರ ಬಾಯಲ್ಲಿ ‘ಎಸ್‌ಎಫ್ ಸಿಕ್ಸ್’. ಒಂದು ಗಂಧಕದ ಪರಮಾಣು, ಸುತ್ತ ಆರು ಫ್ಲೋರಿನ್. ಫ್ರಾನ್ಸಿನ ಹೆನ್ರಿ ಮೊಯ್ಸಾನ್ ಮತ್ತು ಪಾಲ್ ಲೆಬೊ 1900ರಲ್ಲೇ ಇದನ್ನು ತಯಾರಿಸಿದ್ದರು. ಬಣ್ಣವಿಲ್ಲ, ವಾಸನೆಯಿಲ್ಲ, ಹೊತ್ತಿಕೊಳ್ಳುವುದಿಲ್ಲ, ಗಾಳಿಗಿಂತ ಐದುಪಟ್ಟು ಭಾರ. ಇದರ ದೊಡ್ಡ ಗುಣವೆಂದರೆ ನಿಧಾನವಾಗಿ ಬರುವ ಎಲೆಕ್ಟ್ರಾನನ್ನು ಕಂಡಲ್ಲಿ ಹಿಡಿದುಕೊಳ್ಳುವುದು. ಸೊನ್ನೆಗೆ ಹತ್ತಿರದ ಶಕ್ತಿಯ ಎಲೆಕ್ಟ್ರಾನಿಗೆ ಈ ಅಣು ಬಹುದೊಡ್ಡ ಗುರಿ. ಎಲೆಕ್ಟ್ರಾನನ್ನು ಹಿಡಿದ ಅಣು ವಿದ್ಯುದಂಶ ಹೊತ್ತ ಭಾರದ ಕಣವಾಗಿ, ಅಂದರೆ ಅಯಾನಾಗಿ, ಕುಂಟುತ್ತ ಸಾಗುತ್ತದೆ. ಇನ್ನೊಂದು ಎಲೆಕ್ಟ್ರಾನನ್ನು ಕೀಳುವ ಶಕ್ತಿ ಅದಕ್ಕೆ ಇರುವುದಿಲ್ಲ. ಅದಕ್ಕೇ ಒಂದೇ ಒತ್ತಡದಲ್ಲಿ ಈ ಅನಿಲ ಗಾಳಿಗಿಂತ ಎರಡೂವರೆ ಮೂರುಪಟ್ಟು ವೋಲ್ಟೇಜು ತಾಳುತ್ತದೆ.

ಎಷ್ಟು ಹಿಡಿಯುತ್ತದೆ, ಯಾವ ವೇಗದಲ್ಲಿ ಹಿಡಿಯುತ್ತದೆ, ಎಲ್ಲಿಂದ ಮುಂದೆ ಕೈಬಿಡುತ್ತದೆ? ಕರೆಂಟನ್ನು ಕಡಿಯುವ ಬ್ರೇಕರ್ ವಿನ್ಯಾಸ ಮಾಡುವವನಿಗೆ ಈ ಅಂಕಿಗಳು ಬೇಕೇ ಬೇಕು. ಇಂಗ್ಲೆಂಡಿನ ಲಿವರ್‌ಪೂಲ್ ವಿಶ್ವವಿದ್ಯಾಲಯ ಇದರ ದೊಡ್ಡ ಕೇಂದ್ರವಾಗಿತ್ತು. ಜೆ.ಎಂ. ಮೀಕ್ ಮತ್ತು ಜೆ.ಡಿ. ಕ್ರ್ಯಾಗ್ಸ್ ಸೇರಿ ಬರೆದ, ಅನಿಲಗಳು ವಿದ್ಯುತ್ತಿಗೆ ಸೋಲುವ ಬಗೆಯನ್ನು ವಿವರಿಸುವ ಪುಸ್ತಕ 1953ರಲ್ಲಿ ಹೊರಬಂದು ಎಂಜಿನಿಯರುಗಳ ಮೇಜಿನ ಮೇಲೆ ಖಾಯಂ ಆಗಿ ಕುಳಿತಿತು. ಕ್ರ್ಯಾಗ್ಸ್ ಅವರ ಜೊತೆ ಕೆಲಸ ಮಾಡಿದವರ ಸಾಲಿನಲ್ಲಿ ನಮಗೆ ಪರಿಚಿತ ಹೆಸರುಗಳು ಸಿಗುತ್ತವೆ. 1963ರಲ್ಲಿ ಆರ್.ಕೆ. ಆಸುಂಡಿ, ಕ್ರ್ಯಾಗ್ಸ್ ಮತ್ತು ಬೆಲ್‌ಗ್ರೇಡಿನ ಮಿಲಾನ್ ಕುರೇಪಾ, ಆಮ್ಲಜನಕ, ಇಂಗಾಲದ ಮಾನಾಕ್ಸೈಡ್, ಡೈಆಕ್ಸೈಡ್ ಅಣುಗಳು ಎಲೆಕ್ಟ್ರಾನನ್ನು ಹಿಡಿಯುವ ಮತ್ತು ಕಳೆದುಕೊಳ್ಳುವ ಅಳತೆಗಳನ್ನು ಪ್ರಕಟಿಸಿದರು. ಮರುವರ್ಷ ಆಸುಂಡಿ ಮತ್ತು ಕ್ರ್ಯಾಗ್ಸ್ ಎಸ್‌ಎಫ್ ಸಿಕ್ಸ್ ಅನ್ನೇ ಕೈಗೆತ್ತಿಕೊಂಡರು. ಈ ವಿಷಯದ ಪ್ರಬಂಧಗಳಲ್ಲಿ ಇಂದಿಗೂ ಅವರ ಅಳತೆಗಳು ಹೋಲಿಕೆಗೆ ಬರುತ್ತವೆ. 1972ರಲ್ಲಿ ಎಂ.ಎಸ್. ನಾಯ್ಡು, ಎ.ಎನ್. ಪ್ರಸಾದ್ ಸೇರಿ ಎಸ್‌ಎಫ್ ಸಿಕ್ಸ್‌ನಲ್ಲಿ ಎಲೆಕ್ಟ್ರಾನುಗಳು ಸಾಗುವ, ಹರಡುವ ಬಗೆಯನ್ನು ಅಳೆದರು; ಅದೇ ವರ್ಷ ಕ್ರ್ಯಾಗ್ಸ್ ಜೊತೆಗೂಡಿ ಇಂಗಾಲ ಮತ್ತು ಫ್ಲೋರಿನ್ನಿನ ಇನ್ನೊಂದು ಅನಿಲ, ಆಕ್ಟಾಫ್ಲೋರೋಸೈಕ್ಲೋಬ್ಯೂಟೇನ್‌ನ ಅಳತೆಗಳನ್ನೂ ಹೊರತಂದರು. ನಾಯ್ಡು ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದರು. ವಿ. ಕಾಮರಾಜು ಅವರೊಡನೆ ಅವರು ಬರೆದ ಹೈ ವೋಲ್ಟೇಜ್ ಎಂಜಿನಿಯರಿಂಗ್ ಪಠ್ಯವನ್ನು ಓದದೆ ಪಾಸಾದ ವಿದ್ಯುತ್ ಎಂಜಿನಿಯರು ಈ ದೇಶದಲ್ಲಿ ಅಪರೂಪ.

ಟಾಟಾ ಸಂಸ್ಥೆ ಎಂದೇ ಬೆಂಗಳೂರಿಗರು ಕರೆಯುವ ಆ ಸಂಸ್ಥೆಯಲ್ಲಿ 1975ರಿಂದ 1980ರವರೆಗೆ ಹೈ ವೋಲ್ಟೇಜ್ ಎಂಜಿನಿಯರಿಂಗ್ ವಿಭಾಗದ ಮುಖ್ಯಸ್ಥರಾಗಿದ್ದವರು ಗೊರೂರು ಗೋವಿಂದರಾಜು. ಅವರೂ ಲಿವರ್‌ಪೂಲಿನಲ್ಲಿ ಡಾಕ್ಟರೇಟ್ ಪಡೆದವರೇ. ಬೆಂಗಳೂರಿನಲ್ಲಿ ಅವರೂ ಜಿ.ಆರ್. ಗುರುಮೂರ್ತಿಯವರೂ ಎಪ್ಪತ್ತರ ದಶಕದಲ್ಲಿ ಹಿಡಿದ ಪ್ರಶ್ನೆಯನ್ನು ಸ್ವಲ್ಪ ನಿಂತು ನೋಡಬೇಕು. ಟೌನ್‌ಸೆಂಡನ ಎರಡು ತಟ್ಟೆಗಳ ನಡುವಿನ ವಿದ್ಯುತ್ ಕ್ಷೇತ್ರಕ್ಕೆ ಅಡ್ಡಲಾಗಿ ಒಂದು ಕಾಂತಕ್ಷೇತ್ರವನ್ನೂ ಕೊಟ್ಟರೆ ಏನಾಗುತ್ತದೆ?

ಆಗ ಎಲೆಕ್ಟ್ರಾನು ನೇರವಾಗಿ ಓಡಲಾರದು. ಕಾಂತ ಅದರ ದಾರಿಯನ್ನು ಬಾಗಿಸುತ್ತದೆ. ಒಂದು ಡಿಕ್ಕಿಗೂ ಇನ್ನೊಂದು ಡಿಕ್ಕಿಗೂ ನಡುವೆ ಅದು ಕಮಾನು ಕಮಾನಾಗಿ ಸಾಗುತ್ತದೆ. ಎದುರಿನ ತಟ್ಟೆಯ ಕಡೆಗೆ ಕಡಿಮೆ ದೂರ ಸರಿಯುತ್ತದೆ, ಆದ್ದರಿಂದ ಕ್ಷೇತ್ರದಿಂದ ಕಡಿಮೆ ಶಕ್ತಿ ಗಳಿಸುತ್ತದೆ. ಪಾತ್ರೆಯೊಳಗೆ ಅನಿಲದ ಒತ್ತಡ ಹೆಚ್ಚಿಸಿದರೂ ಇದೇ ಪರಿಣಾಮ. ಹಾಗಾದರೆ ಕಾಂತಕ್ಷೇತ್ರ ಕೊಡುವುದೆಂದರೆ ಒತ್ತಡ ಹೆಚ್ಚಿಸಿದ ಹಾಗೆಯೇ ಎಂದು ಬ್ಲೆವಿನ್ ಮತ್ತು ಹೇಡನ್ 1958ರಲ್ಲಿ ಸೂತ್ರ ಬರೆದಿದ್ದರು. ಸೂತ್ರ ಸೊಗಸಾಗಿದೆ, ಆದರೆ ಅದರೊಳಗೊಂದು ಊಹೆ ಕುಳಿತಿದೆ: ಎಲೆಕ್ಟ್ರಾನು ಸೆಕೆಂಡಿಗೆ ಎಷ್ಟು ಸಲ ಡಿಕ್ಕಿ ಹೊಡೆಯುತ್ತದೆ ಎಂಬುದು ಅದರ ವೇಗಕ್ಕೆ ಸಂಬಂಧಿಸಿಲ್ಲ ಎಂಬ ಊಹೆ. ಸಾರಜನಕದಂಥ ನಿಜವಾದ ಅನಿಲದಲ್ಲಿ ಅದು ಪೂರ್ತಿ ಸರಿಯಲ್ಲ. ಊಹೆ ಎಷ್ಟರಮಟ್ಟಿಗೆ ನಿಲ್ಲುತ್ತದೆ, ಎಲ್ಲಿ ಜಾರುತ್ತದೆ ಎಂದು ತಿಳಿಯಲು ಅಳತೆಯೂ ಬೇಕು, ಕ್ರಾಸ್ ಸೆಕ್ಷನ್ನುಗಳನ್ನು ಇಟ್ಟುಕೊಂಡು, ಎಲೆಕ್ಟ್ರಾನುಗಳ ಶಕ್ತಿ ಹೇಗೆ ಹಂಚಿಹೋಗಿದೆ ಎಂದು ಹೇಳುವ ಬೋಲ್ಟ್ಸ್‌ಮನ್ ಸಮೀಕರಣವನ್ನು ಬಿಡಿಸುವ ಲೆಕ್ಕವೂ ಬೇಕು. ಬೆಂಗಳೂರಿನ ಈ ಕೆಲಸ ಎರಡನ್ನೂ ಮಾಡಿತು. ಹೆಸರು ಮಾಡುವ ಕ್ಷೇತ್ರವಲ್ಲ ಇದು, ಪತ್ರಿಕೆಗಳಲ್ಲಿ ಸುದ್ದಿಯಾಗುವಂಥದ್ದೂ ಅಲ್ಲ. ಆದರೂ ಬೆಂಗಳೂರಿನ ವಿಜ್ಞಾನದ ಇತಿಹಾಸ ಹೇಳುವಾಗ ರಾಮನ್ ಅವರಿಂದ ನೇರವಾಗಿ ಬಾಹ್ಯಾಕಾಶಕ್ಕೆ ಹಾರಿಬಿಡುವ ನಮ್ಮ ರೂಢಿ ಇಂಥವರಿಗೆ ಮಾಡಿದ ಅನ್ಯಾಯ ಎಂದೇ ನಾನು ತಿಳಿದಿದ್ದೇನೆ.

1980ರಲ್ಲಿ ಗೋವಿಂದರಾಜು ಕೆನಡಾದ ವಿಂಡ್ಸರ್ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿ ಅವರ ಕೆಲಸ ಕಂಪ್ಯೂಟರಿನ ಕಡೆ ವಾಲಿತು. 1983ರಲ್ಲಿ ದಿಂಚೆರ್ ಎಂಬವರೊಡನೆ ಎಸ್‌ಎಫ್ ಸಿಕ್ಸ್‌ನಲ್ಲಿ ಎಲೆಕ್ಟ್ರಾನುಗಳ ಚಲನೆಯನ್ನು ಮಾಂಟೆ ಕಾರ್ಲೊ ವಿಧಾನದಿಂದ ಲೆಕ್ಕಹಾಕಿದರು. ಈ ವಿಧಾನದಲ್ಲಿ ಒಂದೊಂದೇ ಎಲೆಕ್ಟ್ರಾನನ್ನು ಕಂಪ್ಯೂಟರಿನಲ್ಲಿ ಓಡಿಸುತ್ತಾರೆ. ಅದು ಎಷ್ಟು ದೂರ ಹೋದ ಮೇಲೆ ಡಿಕ್ಕಿಯಾಗುತ್ತದೆ, ಡಿಕ್ಕಿಯಲ್ಲಿ ಚದುರುತ್ತದೋ, ಶಕ್ತಿ ಕಳೆಯುತ್ತದೋ, ಸಿಕ್ಕಿಬೀಳುತ್ತದೋ ಎಂಬುದನ್ನು ಪ್ರತಿ ಸಲವೂ ಕ್ರಾಸ್ ಸೆಕ್ಷನ್ನಿನ ತೂಕ ನೋಡಿ ಆಕಸ್ಮಿಕ ಸಂಖ್ಯೆಯಿಂದ ನಿರ್ಧರಿಸುತ್ತಾರೆ. ಸಾವಿರಾರು ಎಲೆಕ್ಟ್ರಾನುಗಳ ಬದುಕು ಹೀಗೆ ಓಡಿದ ಮೇಲೆ ಸರಾಸರಿ ತೆಗೆದು ಪ್ರಯೋಗದ ಗೆರೆಯ ಪಕ್ಕ ಇಡುತ್ತಾರೆ. ಎರಡೂ ಕೂಡಿದರೆ ನೆಮ್ಮದಿ. ಕೂಡದಿದ್ದರೆ ಕೋಷ್ಟಕದಲ್ಲಿ ಯಾವುದೋ ಅಂಕಿ ತಪ್ಪಿದೆ; ಹುಡುಕಬೇಕು.

ಕೋಷ್ಟಕವೇ ಇಲ್ಲಿ ಬಂಡವಾಳ. ಆ ಬಂಡವಾಳ ನೂರಾರು ಪ್ರಬಂಧಗಳಲ್ಲಿ, ಬೇರೆ ಬೇರೆ ಮಾನಗಳಲ್ಲಿ, ಒಂದಕ್ಕೊಂದು ಹೊಂದದೆ ಚೆಲ್ಲಾಪಿಲ್ಲಿಯಾಗಿ ಬಿದ್ದಿತ್ತು. ಗೋವಿಂದರಾಜು ಅದನ್ನು ಒಟ್ಟುಗೂಡಿಸಿದರು. 2005ರಲ್ಲಿ ಅನಿಲಗಳಲ್ಲಿ ಎಲೆಕ್ಟ್ರಾನುಗಳ ನಡತೆಯ ಸಿದ್ಧಾಂತ ಮತ್ತು ಪ್ರಯೋಗವನ್ನು ಕುರಿತ ದಪ್ಪ ಗ್ರಂಥ ಬಂತು. 2011ರಲ್ಲಿ ಪರಮಾಣು, ಅಣುಗಳ ಕೋಷ್ಟಕಗಳಿಗೇ ಮೀಸಲಾದ ಇನ್ನೊಂದು ಬಂತು. ಯಾರು ಯಾವ ಅನಿಲದಲ್ಲಿ ಏನು ಅಳೆದರು, ಯಾವ ಅಳತೆಯನ್ನು ಹೆಚ್ಚು ನಂಬಬೇಕು ಎಂದು ತೂಗಿ ನೋಡಿ ಇಡುವ ಕೆಲಸ ಅದು. ಹೊಸದನ್ನು ಕಂಡುಹಿಡಿದವನಿಗೆ ಕೊಡುವ ಮರ್ಯಾದೆಯನ್ನು ಇಂಥ ಸಂಗ್ರಹಕಾರನಿಗೂ ಕೊಡಬೇಕು. ಅವನಿಲ್ಲದಿದ್ದರೆ ಕಂಡುಹಿಡಿದದ್ದು ಕಪಾಟಿನಲ್ಲೇ ಉಳಿಯುತ್ತದೆ.

ಇದೇ ಕಾಲದಲ್ಲಿ ಅಳತೆಯೂ ಸೂಕ್ಷ್ಮವಾಗುತ್ತ ಹೋಯಿತು. ಡಿಕ್ಕಿಗಳನ್ನು ಎಣಿಸುವುದು ಸುಲಭ, ಅವು ಎಷ್ಟು ಅಣುಗಳಿಂದ ಬಂದವು ಎಂದು ತಿಳಿಯುವುದು ಕಷ್ಟ. ಅಮೆರಿಕದ ಜೆಟ್ ಪ್ರೊಪಲ್ಷನ್ ಪ್ರಯೋಗಾಲಯದಲ್ಲಿ ಎಸ್.ಕೆ. ಶ್ರೀವಾಸ್ತವ ಮತ್ತು ಸಂಗಡಿಗರು 1975ರಲ್ಲಿ ಇದಕ್ಕೊಂದು ಉಪಾಯ ತೋರಿಸಿದರು: ಅಂಕಿ ಚೆನ್ನಾಗಿ ಗೊತ್ತಿರುವ ಹೀಲಿಯಂ ಅನ್ನು ಅದೇ ಉಪಕರಣದಲ್ಲಿ ಹರಿಸಿ, ಅದರ ಜೊತೆ ಹೋಲಿಸಿ ಹೊಸ ಅನಿಲದ ಅಂಕಿ ತೆಗೆಯುವುದು. ಶ್ರೀವಾಸ್ತವರ ಜೊತೆ ದುಡಿದ ಇ. ಕೃಷ್ಣಕುಮಾರ್ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಎಲೆಕ್ಟ್ರಾನನ್ನು ಹಿಡಿದ ಅಣು ಒಡೆದು ಚೂರಾಗುವ ಬಗೆಯನ್ನು ಚಿತ್ರವಾಗಿ ಸೆರೆಹಿಡಿಯುವ ತಂಡ ಕಟ್ಟಿದರು. 2018ರಲ್ಲಿ ಅವರು, ವೈಭವ ಪ್ರಭುದೇಸಾಯಿ ಮತ್ತು ನೈಜೆಲ್ ಮೇಸನ್ ಅಚ್ಚರಿಯೊಂದನ್ನು ಪ್ರಕಟಿಸಿದರು. ಎರಡೂ ಬದಿ ಒಂದೇ ಥರ ಇರುವ ಜಲಜನಕದ ಅಣು ಒಂದು ಎಲೆಕ್ಟ್ರಾನನ್ನು ಹಿಡಿದು ಒಡೆಯುವಾಗ, ಚೂರುಗಳು ಹಿಂದಕ್ಕೂ ಮುಂದಕ್ಕೂ ಸಮನಾಗಿ ಹಾರದೆ ಒಂದು ಕಡೆಗೆ ವಾಲುತ್ತವೆ.

ಮುನ್ನುಡಿಯುವ ವಿದ್ಯೆಯೂ ಹಿಂದೆ ಬೀಳಲಿಲ್ಲ. ಎಲೆಕ್ಟ್ರಾನು ಅಣುವಿನೊಳಗೆ ಇರುವಾಗಿನ ಲೆಕ್ಕವನ್ನೂ ಹೊರಗಿನ ಲೆಕ್ಕವನ್ನೂ ಬೇರ್ಪಡಿಸಿ ಗಡಿಯಲ್ಲಿ ಕೂಡಿಸುವ ಆರ್-ಮ್ಯಾಟ್ರಿಕ್ಸ್ ವಿಧಾನವನ್ನು ಬೆಲ್‌ಫಾಸ್ಟಿನ ಫಿಲಿಪ್ ಬರ್ಕ್ ಈ ಕ್ಷೇತ್ರದಲ್ಲಿ ಬೆಳೆಸಿದರು. 1994ರಲ್ಲಿ ಕಿಮ್ ಮತ್ತು ರಡ್ ಕೊಟ್ಟ ಸರಳ ಸೂತ್ರದಿಂದ, ಅಳೆಯಲಾಗದ ಅಣುವಿನಿಂದಲೂ ಎಲೆಕ್ಟ್ರಾನು ಕಿತ್ತುಬರುವ ಅಂಕಿಯನ್ನು ಕಾಗದದ ಮೇಲೆ ಪಡೆಯಬಹುದಾಯಿತು. ಗುಜರಾತಿನ ವಲ್ಲಭ ವಿದ್ಯಾನಗರದಲ್ಲಿ ಕೆ.ಎನ್. ಜೋಶಿಪುರ ಮತ್ತು ಶಿಷ್ಯರು ತಮ್ಮದೇ ವಿಧಾನದಿಂದ ಹಲವು ಅಣುಗಳ ಲೆಕ್ಕ ಕೊಟ್ಟರು. 2000ದಲ್ಲಿ ಕೆನಡಾದ ಲಿಯೋನ್ ಸಾಂಶ್ ತಂಡ, ಹತ್ತಿಪ್ಪತ್ತು ಎಲೆಕ್ಟ್ರಾನ್ ವೋಲ್ಟಿನೊಳಗಿನ ಎಲೆಕ್ಟ್ರಾನುಗಳೇ ಡಿಎನ್‌ಎ ಎಳೆಯನ್ನು ತುಂಡರಿಸಬಲ್ಲವು ಎಂದು ತೋರಿಸಿತು. ಬ್ರೇಕರಿಗಾಗಿ ಬೆಳೆದ ಶಾಸ್ತ್ರ ಕ್ಯಾನ್ಸರಿನ ವಿಕಿರಣ ಚಿಕಿತ್ಸೆಯ ಬಾಗಿಲಿಗೂ ಬಂತು.

ಇನ್ನು ತಂತಿಗಳ ಕಡೆಗೆ ಮರಳೋಣ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರದ ನಡುವಿನ 765 ಕಿಲೋವೋಲ್ಟ್ ಮಾರ್ಗ ಚಾಲೂ ಆಗಿ, ದಕ್ಷಿಣದ ಗ್ರಿಡ್ಡು ದೇಶದ ಉಳಿದ ಗ್ರಿಡ್ಡಿನೊಡನೆ ಕೂಡಿತು. ಶಿವನಸಮುದ್ರದ ತಂತಿಗಿಂತ ಇಪ್ಪತ್ತುಪಟ್ಟಿಗೂ ಹೆಚ್ಚಿನ ವೋಲ್ಟೇಜು. ಜತ್ತದ ನೆರೆಯ ಸೊಲ್ಲಾಪುರ ಜಿಲ್ಲೆಗೆ ಬಂದು ಸೇರುವ ಈ ತಂತಿ, ಗಡಿಯ ಎರಡೂ ಕಡೆಯ ಮನೆಗಳನ್ನು ಒಂದೇ ಗ್ರಿಡ್ಡಿಗೆ ಕಟ್ಟಿತು.

ಈಗ ಈ ಇತಿಹಾಸಕ್ಕೆ ಹೊಸ ತಿರುವು ಬಂದಿದೆ. ಎಲೆಕ್ಟ್ರಾನನ್ನು ಹಿಡಿಯುವುದರಲ್ಲಿ ಇಷ್ಟು ನಿಪುಣವಾದ ಎಸ್‌ಎಫ್ ಸಿಕ್ಸ್ ಭೂಮಿಯ ಬಿಸಿಯನ್ನು ಹಿಡಿಯುವುದರಲ್ಲೂ ನಿಪುಣ. ನೂರು ವರ್ಷದ ಲೆಕ್ಕದಲ್ಲಿ ಅದರ ಒಂದು ಕಿಲೋ, ಇಂಗಾಲದ ಡೈಆಕ್ಸೈಡಿನ ಸುಮಾರು 23,500 ಕಿಲೋಗೆ ಸಮ. 1997ರ ಕ್ಯೋಟೋ ಒಪ್ಪಂದದಲ್ಲೇ ಅದರ ಹೆಸರು ಸೇರಿತ್ತು. ಯೂರೋಪಿನ ಒಕ್ಕೂಟ 2024ರಲ್ಲಿ ಕಾನೂನು ಮಾಡಿ, 2026ರಿಂದ ಹಂತಹಂತವಾಗಿ ಬ್ರೇಕರ್ ಮೊದಲಾದ ಹೊಸ ಸ್ವಿಚ್‌ಗೇರುಗಳಲ್ಲಿ ಇದನ್ನು ನಿಲ್ಲಿಸಲು ಹೊರಟಿದೆ. ಬದಲಿ ಯಾವುದು? ಇಂಗಾಲ, ಫ್ಲೋರಿನ್, ಸಾರಜನಕ ಸೇರಿದ ಹೊಸ ಅಣುಗಳನ್ನು ಇಂಗಾಲದ ಡೈಆಕ್ಸೈಡಿನ ಜೊತೆ ಬೆರೆಸಿ ನೋಡುತ್ತಿದ್ದಾರೆ. 1972ರಲ್ಲಿ ನಾಯ್ಡು, ಪ್ರಸಾದ್ ಅಳೆದ ಆಕ್ಟಾಫ್ಲೋರೋಸೈಕ್ಲೋಬ್ಯೂಟೇನ್ ಕೂಡ ಪರಿಶೀಲನೆಗೆ ಬಂದದ್ದುಂಟು. ಅದೂ ಭೂಮಿಯನ್ನು ಬಿಸಿಮಾಡುವುದೇ, ಆದರೆ ಎಸ್‌ಎಫ್ ಸಿಕ್ಸ್‌ನ ಅರ್ಧಕ್ಕೂ ಕಡಿಮೆ. ಪ್ರತಿಯೊಂದು ಹೊಸ ಅಣುವಿಗೂ ಮತ್ತೆ ಅದೇ ಎರಡು ತಟ್ಟೆ, ಅದೇ ನೇರ ಗೆರೆ, ಅದೇ ಕೋಷ್ಟಕ ಬೇಕು.

ಈ ಕೆಲಸಕ್ಕೆ ಕೈಗಳು ಬೇಕಾಗಿವೆ. ಜತ್ತದ ಕನ್ನಡ ಶಾಲೆಗಳಲ್ಲಿ ಓದಿ ವಿಜ್ಞಾನ ಹಿಡಿದ ಮಕ್ಕಳು ಮುಂದೆ ಕೊಲ್ಹಾಪುರಕ್ಕೋ, ವಿಜಯಪುರಕ್ಕೋ, ಧಾರವಾಡಕ್ಕೋ ಹೋಗುತ್ತಾರೆ. ಅವರಿಗೆ ಪಾಠ ಹೇಳುವ ಗುರುಗಳಲ್ಲಿ ನನ್ನದೊಂದು ವಿನಂತಿ: ಎಲೆಕ್ಟ್ರಾನಿನ ಪಾಠ ಬಂದಾಗ ಥಾಮ್ಸನ್ ಜೊತೆಗೆ ಟೌನ್‌ಸೆಂಡನನ್ನೂ, ಟೌನ್‌ಸೆಂಡನ ಜೊತೆಗೆ ಆಸುಂಡಿ, ನಾಯ್ಡು, ಗುರುಮೂರ್ತಿ, ಗೊರೂರು ಗೋವಿಂದರಾಜು ಅವರನ್ನೂ ಹೆಸರಿಸಿ. ಗೋವಿಂದರಾಜು ಅವರ ಕೋಷ್ಟಕದ ಪುಸ್ತಕವನ್ನು ನಿಮ್ಮ ಹತ್ತಿರದ ಎಂಜಿನಿಯರಿಂಗ್ ಕಾಲೇಜಿನ ಗ್ರಂಥಾಲಯಕ್ಕೆ ತರಿಸಿ, ಮಕ್ಕಳ ಕೈಗೆ ಕೊಡಿ.